ಉಳ್ಳಾಗಡ್ಡಿ ಪಟ್ಟಿ: ಎಕ್ಸೆಲ್ ಹಾಳೆ ಸಾಲದಾದಾಗ

ಸೊಲ್ಲಾಪುರ: ಉಳ್ಳಾಗಡ್ಡಿ ಸುಗ್ಗಿ ಬಂತೆಂದರೆ ಇಲ್ಲಿಯ ಸಿದ್ಧೇಶ್ವರ ಬಾಜಾರ ಸಮಿತಿ ಯಾರ್ಡಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಕ್ಕಲಕೋಟ, ದಕ್ಷಿಣ ಸೊಲ್ಲಾಪುರ ತಾಲ್ಲೂಕುಗಳ ನಮ್ಮ ಹಳ್ಳಿಗಳ ರೈತರೂ ಚೀಲ ಹೇರಿಕೊಂಡು ಬರುವುದು ಇಲ್ಲಿಗೇ. ಲಿಲಾವು ಮುಗಿದ ಮೇಲೆ ರೈತ ಕಾಯುವುದು ಒಂದು ಚೀಟಿಗೆ. ಅದೇ ಪಟ್ಟಿ. ತೂಕ, ದರ, ಹಮಾಲಿ, ತೋಲಾಯಿ, ಗಾಡಿ ಬಾಡಿಗೆ ಎಲ್ಲ ಕಳೆದು ಕೈಗೆ ಬರುವುದೆಷ್ಟು ಎಂದು ಅದು ಹೇಳುತ್ತದೆ.

2023ರ ಫೆಬ್ರುವರಿಯಲ್ಲಿ ಬಾರ್ಶಿ ತಾಲ್ಲೂಕಿನ ರೈತರೊಬ್ಬರು ಇದೇ ಯಾರ್ಡಿಗೆ 512 ಕಿಲೋ ತಂದಿದ್ದರು. ಸಿಕ್ಕ ದರ ಕಿಲೋಗೆ 1 ರೂಪಾಯಿ. ಖರ್ಚು ಕಳೆದು ಉಳಿದದ್ದು 2 ರೂಪಾಯಿ 49 ಪೈಸೆ! ಕೈಗೆ ಬಂದದ್ದು 2 ರೂಪಾಯಿ ಚೆಕ್, ಅದೂ ಮುಂದಿನ ತಾರೀಖಿನದು. ಬಿಲ್ಲು, ಚೆಕ್ಕು ಎರಡೂ ಕಂಪ್ಯೂಟರಿನಿಂದ ಬರುತ್ತವೆ, ಅದಕ್ಕೇ ಹಾಗಾಯಿತು ಎಂದು ಆಗ ಸಮಜಾಯಿಷಿ ಬಂದಿತ್ತು. ಬಿದ್ದ ದರವನ್ನು ಯಾವ ಕಂಪ್ಯೂಟರೂ ಎತ್ತಲಾರದು, ನಿಜ. ಆದರೆ ದರ ಬಿದ್ದ ದಿನ ಪಟ್ಟಿಯ ಒಂದೊಂದು ಕಡಿತವೂ ರೈತನ ಜೀವ ಹಿಂಡುತ್ತದೆ. ಚೀಲಕ್ಕೆ 1 ರೂಪಾಯಿ ಹೆಚ್ಚು ಹಿಡಿದರೆ 40 ಚೀಲಕ್ಕೆ 40 ರೂಪಾಯಿ ಹೋಯಿತು.

ಅಡತಿ ಅಂಗಡಿಯಲ್ಲಿ ಎಕ್ಸೆಲ್ ಲೆಕ್ಕ ಹೇಗೆ ನಡೆಯುತ್ತದೆ? ದಿವಾನಜಿ ನಿನ್ನೆಯ ಫೈಲನ್ನೇ ಕಾಪಿ ಮಾಡಿ ಹೆಸರು, ತೂಕ ಬದಲಿಸುತ್ತಾನೆ. ಅವಸರದಲ್ಲಿ ಸೂತ್ರವಿದ್ದ ಮನೆಯಲ್ಲಿ ನೇರವಾಗಿ ಅಂಕಿ ಒತ್ತಿಬಿಟ್ಟರೆ ಸೂತ್ರ ಅಳಿಸಿಹೋಗುತ್ತದೆ, ಹಾಳೆ ಚಕಾರವೆತ್ತುವುದಿಲ್ಲ. ಒಬ್ಬನೇ ಮಲ್ಲಪ್ಪ ಮೂರು ಥರ ಬರೆಯಲ್ಪಟ್ಟು ಮೂರು ರೈತರಾಗುತ್ತಾನೆ, ಅವನ ಉಚಲ್ ಒಂದು ಕಡೆ, ಮಾಲು ಇನ್ನೊಂದು ಕಡೆ. 2016ರ ಜುಲೈಯಲ್ಲಿ ಮಹಾರಾಷ್ಟ್ರ ಸರ್ಕಾರ ಹಣ್ಣು, ತರಕಾರಿ, ಉಳ್ಳಾಗಡ್ಡಿಯ ಅಡತ್ತನ್ನು ರೈತರ ಬದಲು ಖರೀದಿದಾರರಿಂದ ಪಡೆಯಬೇಕೆಂದು ಮಾಡಿತು. ಇಂಥ ನಿಯಮ ಬದಲಾದರೆ ಪ್ರತಿ ಫೈಲಿನಲ್ಲೂ ಸೂತ್ರ ಹುಡುಕಿ ತಿದ್ದಬೇಕು. ಒಂದು ಉಳಿದರೂ ಪಟ್ಟಿ ತಪ್ಪು.

ಅಂಗಡಿಗೆಂದೇ ಮಾಡಿಸಿದ ಸಾಫ್ಟ್‌ವೇರಿನಲ್ಲಿ ಹಮಾಲಿ, ತೋಲಾಯಿ ದರಗಳು ಒಂದೇ ಕಡೆ, ಯಾವ ತಾರೀಖಿನಿಂದ ಜಾರಿ ಎಂಬುದರೊಂದಿಗೆ ಇರುತ್ತವೆ. ಒಬ್ಬ ರೈತನಿಗೆ ಒಂದೇ ನಂಬರು. ಪಟ್ಟಿ ಛಾಪಿಸಿದ ಮೇಲೆ ಸುಮ್ಮನೆ ತಿದ್ದಲಾಗದು. ತಿದ್ದಿದರೆ ಯಾರು, ಯಾಕೆ ಎಂಬುದು ದಾಖಲಾಗುವಂತೆ ಮಾಡಿಸಬಹುದು. ಅಂಗಡಿಯ ಕಂಪ್ಯೂಟರಿನಲ್ಲೇ ಕೂತಿರುವುದರಿಂದ ನೆಟ್ ಹೋದರೂ ಕೆಲಸ ನಿಲ್ಲದು. ಯೂನಿಕೋಡ್ ಇರುವಾಗ ಒಂದೇ ಪಟ್ಟಿಯಲ್ಲಿ ಮರಾಠಿ, ಕನ್ನಡ ಎರಡೂ ಬರಬಹುದು. ಇದನ್ನು ಕೇಳಿ ಪಡೆಯಬೇಕಷ್ಟೆ, ತಾನಾಗಿ ಯಾರೂ ಕೊಡರು.

ಬೆಂಗಳೂರಿನ ಟ್ಯಾಲಿ ಹುಟ್ಟಿದ್ದೂ ಹೀಗೇ. ಗಿರಣಿಗಳಿಗೆ ಬಿಡಿಭಾಗ ಪೂರೈಸುತ್ತಿದ್ದ ಶ್ಯಾಮಸುಂದರ ಗೋಯೆಂಕಾ ಅವರಿಗೆ ಹೊಂದುವ ಲೆಕ್ಕದ ಸಾಫ್ಟ್‌ವೇರ್ ಸಿಗದೆ ಮಗ ಭರತ್ ಗೋಯೆಂಕಾ ಅವರೇ ಬರೆದರು. ಕಂಪನಿ ಶುರುವಾದದ್ದು 1986ರಲ್ಲಿ.

ಮಾಡಿಸುವವರಿಗೆ ಎಚ್ಚರಿಕೆಯೂ ಬೇಕು. ಬರೆದುಕೊಟ್ಟ ಹುಡುಗ ನಾಳೆ ಪುಣೆಗೋ ಬೆಂಗಳೂರಿಗೋ ನೌಕರಿಗೆ ಹೋದರೆ ಗತಿಯೇನು? ಮೂಲ ಕೋಡು ಅಂಗಡಿಯವರ ಕೈಯಲ್ಲಿರಬೇಕು, ದಿನಾ ರಾತ್ರಿ ಬ್ಯಾಕಪ್ ಬೇರೆ ಡಿಸ್ಕಿಗೆ ಹೋಗಬೇಕು, ಬೇಕಾದಾಗ ಲೆಕ್ಕವೆಲ್ಲ ಎಕ್ಸೆಲ್‌ಗೆ ತೆಗೆದುಕೊಳ್ಳಲು ಬರಬೇಕು. ಬರೆಯುವವನೂ ಒಂದು ಲಿಲಾವಿನ ದಿನವಾದರೂ ಗಾದಿಯ ಪಕ್ಕ ಕೂತು ನೋಡಬೇಕು. “ಸಾವಕಾರ್ರ, ಹಮಾಲಿ ಎಷ್ಟ ಹಿಡದೀರಿ?” ಎಂದು ರೈತ ಕೇಳಿದಾಗ ಪರದೆಯ ಮೇಲೆ ಏನು ಕಾಣಬೇಕೆಂಬುದು ಅಲ್ಲಿ ಕೂತವನಿಗೇ ಗೊತ್ತು.

ಮೊದಲ ಹದಿನೈದು ದಿನ ಹಳೆಯ ಹಾಳೆ, ಹೊಸ ಸಾಫ್ಟ್‌ವೇರ್ ಎರಡರಲ್ಲೂ ಲೆಕ್ಕ ಬರೆದು ತಾಳೆ ನೋಡುವುದು ಒಳಿತು. ದಿವಾನಜಿಗೆ ದುಪ್ಪಟ್ಟು ಕೆಲಸ, ಗೊಣಗದೆ ಇರಲಾರ. ತಾಳೆಯಾಗದ ದಿನ ತಪ್ಪು ಹಳೆಯ ಹಾಳೆಯಲ್ಲೇ ಸಿಗುವುದೂ ಉಂಟು.