ಹನ್ನೊಂದು ತಿಂಗಳ ಕಾಗದ

ಬೆಳಗಾವಿಯ ಬಾಡಿಗೆ ಮನೆಗಳ ಮೇಲೆ ಸಂಶೋಧನೆ ಮಾಡುತ್ತೇನೆ ಎಂದರೆ ಖಾನಾಪುರದ ನಮ್ಮ ಮನೆಯಲ್ಲಿ ನಗುತ್ತಾರೆ. "ಅದರಾಗ ಓದೋದೇನೈತಿ? ಬಾಡಿಗಿ ಕೊಟ್ಟರ ಇರಬೇಕು, ಇಲ್ಲಂದ್ರ ಗಂಟುಮೂಟಿ ಕಟ್ಟಬೇಕು" ಎನ್ನುತ್ತಾರೆ ಕಾಕಾ. ಕಾಯ್ದೆ ಓದಿದ ಮೇಲೆ ಅವರ ಮಾತನ್ನು ತೆಗೆದುಹಾಕುವ ಧೈರ್ಯ ನನಗಿಲ್ಲ.

ಬಾಡಿಗೆದಾರರಿಗೆ ರಕ್ಷಣೆ ಇದೆ ಎಂಬ ನಂಬಿಕೆ ಹಳೆಯದು. ಬೆಳಗಾವಿ ಮುಂಬೈ ಪ್ರಾಂತದಲ್ಲಿದ್ದಾಗ 1947ರ ಮುಂಬೈ ಬಾಡಿಗೆ ಕಾಯ್ದೆ ಇಲ್ಲಿ ನಡೆಯುತ್ತಿತ್ತು. ಏಕೀಕರಣದ ನಂತರ 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಬಂತು. ಈಗಿರುವುದು 1999ರದು, ಜಾರಿಯಾದದ್ದು 2001ರ ಡಿಸೆಂಬರ್ 31ರಂದು. ಅದರ 2ನೇ ಕಲಮಿನಲ್ಲೇ ಗಂಟು ಇದೆ: ಕಾಯ್ದೆಯ ಕೊನೆಗಿರುವ ಪಟ್ಟಿಯ ಮೊದಲ ಭಾಗದ ಊರುಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ, ಮಿಕ್ಕ ಕಡೆ 2,000 ದಾಟಿದರೆ ಆ ಮನೆ ಕಾಯ್ದೆಯಿಂದ ಹೊರಗೆ. ಟಿಳಕವಾಡಿಯಲ್ಲಿ ಇವತ್ತು ಆ ದುಡ್ಡಿಗೆ ಸಂಸಾರ ಹೂಡುವಂಥ ಮನೆ ಯಾರು ಕೊಡುತ್ತಾರೆ?

ಹೀಗಾಗಿ ನಿಜವಾದ ಕಾನೂನು ತಯಾರಾಗುವುದು ಕೋರ್ಟಿನ ಎದುರು, ಬಾಂಡ್ ಬರೆಯುವವರ ಟೇಬಲ್ ಮೇಲೆ. ನೆಹರೂನಗರದ ಖೋಲಿಗಾಗಲಿ ವಡಗಾವಿಯ ನೇಕಾರರ ಓಣಿಯ ಮನೆಗಾಗಲಿ ನಮೂನೆ ಒಂದೇ. ಹೆಸರು, ಬಾಡಿಗೆ, ಡಿಪಾಜಿಟ್ ಬದಲಾಗುತ್ತವೆ. ಅವಧಿ 11 ತಿಂಗಳು. ಒಂದು ವರ್ಷ ಮೀರಿದ ಕರಾರನ್ನು ನೋಂದಾಯಿಸಬೇಕೆಂದು 1908ರ ಕಾಯ್ದೆ ಹೇಳುತ್ತದಲ್ಲ, ಆ ಖರ್ಚು, ಓಡಾಟ ತಪ್ಪಲೆಂದು ಒಂದು ತಿಂಗಳು ಕಡಿಮೆ. ಕೊಲ್ಹಾಪುರದಲ್ಲಿ ಈ ಜಾಣತನ ನಡೆಯದು. ಮಹಾರಾಷ್ಟ್ರದ ಕಾಯ್ದೆಯಂತೆ 11 ತಿಂಗಳದ್ದೂ ನೋಂದಣಿಯಾಗಬೇಕು, ಜವಾಬ್ದಾರಿ ಮಾಲಕರದು. ಆಗದಿದ್ದರೆ ಕರಾರಿನ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಡೆಯುತ್ತದೆ, ಸುಳ್ಳೆಂದು ಮಾಲಕರು ಸಾಬೀತು ಮಾಡುವ ತನಕ.

ಖಾನಾಪುರದ ಕಡೆ ಕಾಗದವೇ ಅಪರೂಪ. ವರ್ಗವಾಗಿ ಬಂದ ಮಾಸ್ತರರಿಗೆ ಬಾಯಿಮಾತಿನ ಮೇಲೆ ಕೀಲಿಕೈ ಕೊಡುತ್ತಾರೆ. ಅಂಥವರಿಗೂ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಆಸರೆಯಿದೆ: ಬಿಡಿಸಬೇಕಾದರೆ 15 ದಿನಗಳ ಲಿಖಿತ ನೋಟಿಸು ಕೊಡಬೇಕು.

ಜಗಳ ಹೆಚ್ಚಾಗುವುದು ಡಿಪಾಜಿಟ್ ಮೇಲೆ. ಬಳಕೆಯಿಂದ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆಯಲ್ಲ ಎಂದು ಅದೇ 1882ರ ಕಾಯ್ದೆ ಹೇಳುತ್ತದೆ. ಕರಾರಿನಲ್ಲಿ ಬೇರೆ ಬರೆದಿದ್ದರೆ ಮಾತು ಬೇರೆ. ಬರೆದೇ ಇರುತ್ತಾರೆ: 'ಸುಣ್ಣಬಣ್ಣದ ಖರ್ಚಿಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳತಕ್ಕದ್ದು.' ನನ್ನ ಹಳೆಯ ಖೋಲಿಯ ಡಿಪಾಜಿಟ್ಟೂ ಈ ಸಾಲಿಗೇ ಕರಗಿತು. ಗೋಡೆಗೆ ಮಾತ್ರ ಬಣ್ಣ ಬೀಳಲಿಲ್ಲ. ಮುಂದಿನ ವಾರವೇ ಬೇರೆ ಹುಡುಗಿಯರು ಬಂದರು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆ ವಾಸದ ಮನೆಯ ಡಿಪಾಜಿಟ್ಟಿಗೆ ಎರಡು ತಿಂಗಳ ಬಾಡಿಗೆಯ ಮಿತಿ ಹಾಕುತ್ತದೆ. ರಾಜ್ಯ ತಾನೇ ಕಾನೂನು ಮಾಡಿದರಷ್ಟೇ ಅದಕ್ಕೆ ಬಲ. ಬಾಡಿಗೆಗೆ ಮಿತಿ ಹಾಕುವುದಕ್ಕಿಂತ ಡಿಪಾಜಿಟ್ಟಿನ ಈ ಮಿತಿ ಮೊದಲಾಗಬೇಕು ಎನ್ನುತ್ತೇನೆ ನಾನು. ಅಲ್ಲಿಯವರೆಗೆ, ಸಹಿ ಹಾಕುವ ಮೊದಲು ಸುಣ್ಣಬಣ್ಣದ ಸಾಲು ಎಲ್ಲಿದೆ ಎಂದು ಹುಡುಕಿ, ತೆಗೆಸಲು ಹೇಳಿ. ಟೈಪ್ ಮಾಡುವವರಿಗೆ ಅದು ಒಂದು ನಿಮಿಷದ ಕೆಲಸ.