ಒಣಗಿದೆಲೆಗಳ ನಡುವಿನ ಕಪ್ಪೆಬಾಯಿ

ಪಶ್ಚಿಮ ಘಟ್ಟದ ಮಳೆಕಾಡುಗಳಲ್ಲಿ ಮತ್ತು ಶ್ರೀಲಂಕಾದಲ್ಲಿ ಮಾತ್ರ ನೆಲೆಸಿರುವ ಕಪ್ಪೆಬಾಯಿ ಹಕ್ಕಿಯು ಹಗಲಿನಲ್ಲಿ ಎದುರಿಗೇ ಕುಳಿತಿದ್ದರೂ ಹಕ್ಕಿಯೆಂದು ತೋರದೆ ನೋಡುಗರ ಕಣ್ಣು ತಪ್ಪಿಸುತ್ತದೆ. ಎಡ್ವರ್ಡ್ ಬ್ಲೈತ್ 1849ರಲ್ಲಿ ವಿವರಿಸಿದ ಈ ಪ್ರಭೇದದ ಶಾಸ್ತ್ರೀಯ ನಾಮ ಬಟ್ರಾಕೊಸ್ಟೋಮಸ್ ಮೊನಿಲಿಜರ್ ಎಂದಿದ್ದು, ಮೊದಲ ಪದಕ್ಕೆ ಗ್ರೀಕಿನಲ್ಲಿ ಕಪ್ಪೆಬಾಯಿ ಎಂಬ ಅರ್ಥವೂ ಎರಡನೆಯದಕ್ಕೆ ಲ್ಯಾಟಿನ್ನಿನಲ್ಲಿ ಹಾರ ಧರಿಸಿದ್ದು ಎಂಬ ಅರ್ಥವೂ ಇದೆ.

ಸುಮಾರು 23 ಸೆಂಟಿಮೀಟರ್ ಉದ್ದದ ಈ ಹಕ್ಕಿಯ ದೊಡ್ಡ ತಲೆ, ಮುಂದಕ್ಕೆ ನೋಡುವ ಕಣ್ಣುಗಳನ್ನು ಕಂಡು ಗೂಬೆಯೆಂದು ಭಾವಿಸುವುದು ಸಹಜ. ಆದರೆ ಗೂಬೆಗಿರುವ ಬಲವಾದ ಪಂಜ ಇದಕ್ಕಿಲ್ಲ, ಕೀಟಗಳನ್ನು ಅದು ಕೆನ್ನೆಯವರೆಗೂ ತೆರೆಯುವ ಅಗಲವಾದ ಕೊಕ್ಕಿನಿಂದಲೇ ಹಿಡಿಯುತ್ತದೆ. ಇದನ್ನು ಹೋಲುವ ನತ್ತಿಂಗವು ನೆಲಕ್ಕೋ ಕೊಂಬೆಗೋ ಅಂಟಿಕೊಂಡಂತೆ ಮಲಗಿದರೆ, ಕಪ್ಪೆಬಾಯಿ ಮರದ ಮೇಲೆ ನೆಟ್ಟಗೆ ಕೂರುತ್ತದೆ. ಗಂಡು ಬೂದುಗಂದು ಬಣ್ಣದ್ದು, ಮೈತುಂಬ ಚುಕ್ಕೆಗಳುಳ್ಳದ್ದು. ಹೆಣ್ಣು ಒಣಗಿದ ಎಲೆಯ ಕೆಂಗಂದು ಬಣ್ಣದ್ದಾಗಿದ್ದು, ಅದರ ಎದೆಯ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿಯ ಬೊಟ್ಟು ಮಾತ್ರ ಇರುತ್ತದೆ.

ಇರುಳಾಡಿಯಾದ ಈ ಹಕ್ಕಿ ಕಾಡಿನಲ್ಲಿದೆಯೆಂಬುದಕ್ಕೆ ಮೊದಲ ಸುಳಿವು ಮುಸ್ಸಂಜೆಯಲ್ಲೂ ನಸುಕಿನಲ್ಲೂ ಕೇಳಿಬರುವ, ಗಟ್ಟಿಯಾಗಿ ಆರಂಭವಾಗಿ ಇಳಿಯುತ್ತ ಹೋಗುವ ಹೆಣ್ಣಿನ ಕರ್ಕಶ ಕೂಗು. ಹಗಲಿನಲ್ಲಿ ಹುಡುಕುವವರು ಎತ್ತರದ ಮರಗಳಿಗಿಂತ, ತರಗೆಲೆಗಳು ಸಿಕ್ಕಿಕೊಂಡಿರುವ ಬಳ್ಳಿ, ಬಿದಿರು, ಬೆತ್ತದ ಮೆಳೆಗಳನ್ನು ತಾಳ್ಮೆಯಿಂದ ನೋಡುವುದು ಲೇಸು. ಗಂಡುಹೆಣ್ಣುಗಳು ಅಲ್ಲಿ ಒಂದಕ್ಕೊಂದು ಒತ್ತಿಕೊಂಡು ಕುಳಿತಿರುತ್ತವೆ. ಯಾರಾದರೂ ಸಮೀಪಿಸಿದರೆ ಹಾರಿಹೋಗದೆ, ಕಣ್ಣು ಮುಚ್ಚುತ್ತ, ಗರಿಗಳನ್ನು ಮೈಗೆ ಬಿಗಿದುಕೊಂಡು, ಕೊಕ್ಕನ್ನು ಅತಿ ನಿಧಾನವಾಗಿ ಮೇಲಕ್ಕೆತ್ತುತ್ತವೆ. ಎರಡು ಹಕ್ಕಿಗಳಿದ್ದಲ್ಲಿ ಆಗ ಕಾಣುವುದು ಮುರಿದ ರೆಂಬೆಯ ಎರಡು ಮೋಟುಗಳು.

ಅಡ್ಡಿಯಾಗದಿದ್ದರೆ ಜೋಡಿ ಬಹುಕಾಲ ಅದೇ ತಾಣಕ್ಕೆ ಮರಳುವುದರಿಂದ, ಕೇರಳದ ತಟ್ಟೇಕಾಡಿನಂಥ ಕಡೆ ಮಾರ್ಗದರ್ಶಕರು ಅದನ್ನು ಖಚಿತವಾಗಿ ತೋರಿಸಬಲ್ಲರು. ಈ ನಿಷ್ಠೆಯೇ ಹಕ್ಕಿಗೆ ಅಪಾಯವನ್ನೂ ತರಬಲ್ಲದು: ಧ್ವನಿಮುದ್ರಿತ ಕೂಗನ್ನು ಮತ್ತೆ ಮತ್ತೆ ಕೇಳಿಸುವುದು, ಮುಖಕ್ಕೆ ಫ್ಲ್ಯಾಶ್ ಹಾಯಿಸುವುದು, ಎಲೆಗಳನ್ನು ಸರಿಸಿ ಚಿತ್ರ ತೆಗೆಯುವುದು, ಅದಕ್ಕಿರುವ ಒಂದೇ ರಕ್ಷಣೆಯನ್ನು ಕಸಿದುಕೊಂಡಂತೆ. ಗೂಡಿನ ಬಳಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಹಾವಸೆ, ಮೃದು ಗರಿಗಳನ್ನು ಒತ್ತಿ, ಮೇಲೆ ಕಲ್ಲುಹೂವು ಹೊದಿಸಿದ ಆ ಪುಟ್ಟ ಮೆತ್ತೆಯಲ್ಲಿ ಇರುವುದು ಒಂದೇ ಬಿಳಿ ಮೊಟ್ಟೆ. ಹಗಲೆಲ್ಲ ಅದರ ಮೇಲೆ ಕದಲದೆ ಕೂತು ಕಾವು ಕೊಡುವುದು ಗಂಡು, ಇರುಳಿನ ಸರದಿ ಹೆಣ್ಣಿನದು. ಮರಿ ಗೂಡು ಬಿಟ್ಟ ಮೇಲೆ ಗಂಡು ಆ ಗೂಡನ್ನೇ ಕಿತ್ತುಹಾಕುವುದನ್ನೂ ಗಮನಿಸಲಾಗಿದೆ.