ಹಸಿ ಗದ್ದೆಯಲ್ಲಿ ದನಗಳ ತುಳಿತ

ಭತ್ತದ ಕೊಯ್ಲು ಮುಗಿದ ಕೂಡಲೇ ಊರ ದನಗಳನ್ನು ಗದ್ದೆಬಯಲಿಗೆ ಬಿಡುವುದು ಮಂಡ್ಯ, ಮೈಸೂರು ಸೀಮೆಯ ನಾಲಾ ಪ್ರದೇಶಗಳಲ್ಲಿ ಬಹುಕಾಲದ ವಾಡಿಕೆ. ಕೂಳೆಯ ಚಿಗುರೂ ಬದುವಿನ ಹುಲ್ಲೂ ದೊರೆಯುವುದರಿಂದ ಈ ವಾಡಿಕೆಯನ್ನು ತಪ್ಪೆನ್ನಲಾಗದು. ಆದರೆ ತಗ್ಗಿನ ಗದ್ದೆಗಳ ಹಸಿ ಆಗಿನ್ನೂ ಆರಿರುವುದಿಲ್ಲ. ಆಗ ದನ ಹೊಕ್ಕರೆ ಮೇದ ಹುಲ್ಲಿನ ಬೆಲೆಗಿಂತ ಕೆಟ್ಟ ಮಣ್ಣಿನ ಬೆಲೆಯೇ ಹೆಚ್ಚಾಗುವುದು.

ಭತ್ತಕ್ಕಾಗಿ ಕೆಸರು ತುಳಿಸುವುದುಂಟಲ್ಲ, ತುಳಿತದಿಂದ ಕೇಡೇನೆಂದು ಕೆಲವರು ಕೇಳುವರು. ಪ್ರಶ್ನೆ ನ್ಯಾಯವಾದದ್ದೇ. ನಾಟಿಗೆ ಮುಂಚೆ ಕೆಸರು ಮಾಡುವ ಉದ್ದೇಶವೇ ಮಣ್ಣಿನ ಸಂದುಗಳನ್ನು ಮುಚ್ಚಿ ನೀರು ಇಂಗದಂತೆ ತಡೆಯುವುದು. ಭತ್ತದ ಬೇರು ಇದನ್ನು ತಾಳಬಲ್ಲುದು. ಪೈರಿನ ಒಳಗಣ ಗಾಳಿದಾರಿಗಳಿಂದ ಬೇರಿನವರೆಗೆ ಗಾಳಿ ಇಳಿಯುತ್ತದೆ. ಭತ್ತದ ತರುವಾಯ ಬಿತ್ತುವ ಉದ್ದು, ಹೆಸರು, ಅಲಸಂದೆಗಳಿಗೆ ಈ ಅನುಕೂಲವಿಲ್ಲ. ಅವುಗಳ ಬೇರಿಗೂ ಬೇರಿನ ಗಂಟುಗಳಿಗೂ ಮಣ್ಣಿನ ಸಂದುಗಳಲ್ಲಿರುವ ಗಾಳಿಯೇ ಆಧಾರ. ಮೊದಲ ಬೆಳೆಗೆ ಉಪಕಾರವಾದ ತುಳಿತವೇ ಎರಡನೆಯದಕ್ಕೆ ಅಪಕಾರವಾಗುವುದು.

ನಿಂತ ದನದ ಭಾರ 4 ಕಾಲುಗಳ ಮೇಲೆ ಹಂಚಿರುತ್ತದೆ. ನಡೆಯುವಾಗ ಊರಿದ ಕಾಲುಗಳೇ ಅದನ್ನೆಲ್ಲ ಹೊರಬೇಕು. ಹಸಿ ಮಣ್ಣು ಗೊರಸಿನಡಿಯಲ್ಲಿ 4ರಿಂದ 6 ಅಂಗುಲದವರೆಗೆ ಒತ್ತಿ ಗಟ್ಟಿಯಾಗುತ್ತದೆ. ಗೊರಸಿನ ಗುಳಿಗಳಲ್ಲಿ ನೀರು ನಿಂತು, ಒಣಗಿದ ಮೇಲೆ ಉತ್ತರೆ ಹೆಂಟೆಗಳೇ ಏಳುತ್ತವೆ. ಎರೆಮಣ್ಣು ಬೇಸಗೆಯಲ್ಲಿ ಬಿರಿದು ಸ್ವಲ್ಪಮಟ್ಟಿಗೆ ತಾನೇ ಸರಿಹೋಗುವುದು. ಕೆಂಪು ಮಣ್ಣು ಹಾಗೆ ಬಿರಿಯದ ಕಾರಣ ಅದರ ಗಡಸು ಬಹುಕಾಲ ಉಳಿಯುವುದು.

ದನ ಬಿಡುವ ಮುನ್ನ 3 ಅಂಗುಲ ಆಳದ ಮಣ್ಣನ್ನು ತೆಗೆದು ಅಂಗೈಗಳ ನಡುವೆ ಹೊಸೆದು ನೋಡತಕ್ಕದ್ದು. ತುಂಡಾಗದೆ ತೆಳುವಾದ ಹುರಿಯಂತೆ ಎಳೆಯಾದರೆ ದನವನ್ನೂ ಬಿಡಬಾರದು, ನೇಗಿಲನ್ನೂ ಹೂಡಬಾರದು. ಪುಡಿಯಾಗಿ ಉದುರಿದರೆ ಹದವೆಂದು ತಿಳಿಯಬಹುದು. ಮರಳು ಹೆಚ್ಚಾದ ಮಣ್ಣಿಗೆ ಈ ಪರೀಕ್ಷೆ ಸಲ್ಲದು. ಅಲ್ಲಿ ಹೆಜ್ಜೆ ಎಷ್ಟು ಆಳ ಮೂಡುವುದೆಂಬುದನ್ನೇ ನೋಡಬೇಕು.

ದನ ಸಗಣಿ ಹಾಕುವುದರಿಂದ ನಷ್ಟ ತುಂಬುವುದೆಂಬ ಮಾತು ಹುರುಳಿಲ್ಲದ್ದು. ಅಲ್ಲೊಂದು ಇಲ್ಲೊಂದು ಬಿದ್ದ ಸಗಣಿ ಒತ್ತಿದ ಮಣ್ಣನ್ನು ಬಿಡಿಸಲಾರದು. ಈಗಾಗಲೇ ತುಳಿತಕ್ಕೆ ಸಿಕ್ಕಿದ ಗದ್ದೆಯನ್ನು ಹದ ಬರುವವರೆಗೆ ಬಿಟ್ಟು, ಗಡಸು ಪದರ ಒಡೆಯುವಷ್ಟು ಆಳವಾಗಿ ಉತ್ತು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಬೇಕು. ನೀರಿನ ಅನುಕೂಲವಿದ್ದಲ್ಲಿ ಸೆಣಬನ್ನು ಬೆಳೆದು ಹೂ ಬಿಡುವ ಕಾಲಕ್ಕೆ ಮಣ್ಣಿಗೆ ಸೇರಿಸುವುದು ಉತ್ತಮ.

ಬಯಲನ್ನು ದನಗಳಿಗೆ ಪೂರ್ತಿಯಾಗಿ ಮುಚ್ಚಿದರೆ ಜಮೀನಿಲ್ಲದೆ ಒಂದೆರಡು ರಾಸು ಸಾಕಿಕೊಂಡವರಿಗೆ ಅನ್ಯಾಯವಾಗುವುದು. ಗ್ರಾಮದ ಮುಖಂಡರು ಜಮೀನುದಾರರನ್ನೂ ದನಗಾಹಿಗಳನ್ನೂ ಕೂಡಿಸಿ, ಬೇಗ ಆರುವ ದಿಣ್ಣೆಯ ಗದ್ದೆಗಳನ್ನು ಮೊದಲು, ತಗ್ಗಿನವನ್ನು ಕೊನೆಗೆ ಬಿಡುವಂತೆ ಸರದಿ ಗೊತ್ತುಮಾಡಬಹುದು. ಸರದಿ ಬರುವವರೆಗೆ ಅಂಥವರ ರಾಸುಗಳಿಗೆ ಗದ್ದೆಯ ಒಡೆಯರು ಸ್ವಲ್ಪ ಹುಲ್ಲು ಕೊಟ್ಟರೂ ಅವರಿಗೆ ಲಾಭವೇ. ನೀರು ಕುಡಿಯಲು ಹೋಗುವ ದನಗಳಿಗೆ ಬಯಲಿನ ಅಂಚಿನಲ್ಲಿ ಒಂದೇ ದಾರಿ ಬಿಡಿಸುವುದನ್ನೂ ಆಗಲೇ ನಿಶ್ಚಯಿಸತಕ್ಕದ್ದು.